ಹಗ್ಗವನ್ನು ತಲೆಕೆಳಗು ಮಾಡಿದರೆ ಕಮಾನು

ಫ್ರಾನ್ಸಿನ ಬರ್ಗಂಡಿಯಲ್ಲಿರುವ ಕ್ಲೂನಿ ಮಠಕ್ಕೂ ಒಂದು ಸ್ಥಳಪುರಾಣವಿದೆ. ಗುಂಜೋ ಎಂಬ ರೋಗಪೀಡಿತ ಸನ್ಯಾಸಿಯ ಕನಸಿನಲ್ಲಿ ಸಂತ ಪೀಟರ್ ಬಂದು, ಹಗ್ಗ ಎಳೆದು, ಹೊಸ ಚರ್ಚಿನ ಅಳತೆಯನ್ನು ತೋರಿಸಿದನಂತೆ. ಈ ಕಥೆ ಹೇಳುವವರು ಕಲ್ಲುಕುಟಿಗರ ವಿಚಾರವನ್ನೇ ಎತ್ತುವುದಿಲ್ಲ. ನನಗೆ ಬೇಸರ ಅದರ ಬಗ್ಗೆಯೇ. 1088ರಲ್ಲಿ ಮಠಾಧಿಪತಿ ಹ್ಯೂ ಆರಂಭಿಸಿದ ಆ ಚರ್ಚಿನ ಚಾವಣಿಯ ಒಂದು ಭಾಗ 1125ರಲ್ಲಿ ಕುಸಿಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಮನುಷ್ಯರ ಕೈ.

ಕುಸಿದದ್ದೇಕೆ? ಕಲ್ಲಿನ ಕಮಾನು ತನ್ನ ಭಾರವನ್ನು ಕೆಳಕ್ಕೆ ಇಳಿಸುವುದಷ್ಟೇ ಅಲ್ಲ, ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಗೋಡೆಗೆ ಒರಗಿಸಿದ ಏಣಿಯನ್ನು ನೋಡಿ: ನೆಟ್ಟಗಿದ್ದರೆ ನಿಲ್ಲುತ್ತದೆ, ಓರೆಯಾದಷ್ಟೂ ಬುಡ ಜಾರುತ್ತದೆ. ಇಸ್ಪೀಟಿನ ಎರಡು ಎಲೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದಾಗಲೂ ಹೀಗೆಯೇ. ಇನ್ನೂ ಚೆನ್ನಾಗಿ ತಿಳಿಯಬೇಕೆಂದರೆ ಹಿತ್ತಿಲಿನ ಬಟ್ಟೆ ಒಣಹಾಕುವ ಹಗ್ಗದ ಬಳಿಗೆ ಹೋಗಿ. ಬಿಗಿಯಾಗಿ ಕಟ್ಟಿದ ಹಗ್ಗದ ಮೇಲೆ ನೆನೆದ ಕಂಬಳಿ ಹಾಕಿದರೆ ಮೊಳೆ ಕಿತ್ತುಬರುತ್ತದೆ. ಅದೇ ಹಗ್ಗವನ್ನು ಸಡಿಲಬಿಟ್ಟು ಜೋಲುವಂತೆ ಮಾಡಿ, ಮೊಳೆ ಅಲುಗುವುದಿಲ್ಲ. ಈಗ ಆ ಜೋಲಾಟವನ್ನು ತಲೆಕೆಳಗು ಮಾಡಿಕೊಳ್ಳಿ. ಹಗ್ಗದ ಎಳೆತ ಕಮಾನಿನ ಒತ್ತಡವಾಗುತ್ತದೆ, ಜೋಲಿದ ಆಳ ಕಮಾನಿನ ಎತ್ತರವಾಗುತ್ತದೆ. ಅಗಲ ಮತ್ತು ಭಾರ ಅಷ್ಟೇ ಇದ್ದು ಎತ್ತರ ಇಮ್ಮಡಿಯಾದರೆ, ಪಕ್ಕದ ತಳ್ಳುವಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ತಲೆಕೆಳಗಾದ ಸರಪಳಿಯ ಈ ಸೂತ್ರವನ್ನು ಪ್ರಕಟಿಸಿದ್ದು 1675ರ ಸುಮಾರಿಗೆ, ಅದೂ ಅಕ್ಷರಗಳನ್ನು ಅದಲುಬದಲು ಮಾಡಿದ ಒಗಟಿನ ರೂಪದಲ್ಲಿ!

ಕ್ಲೂನಿಯವರು ಅದಕ್ಕಿಂತ ಸುಮಾರು ಆರು ಶತಮಾನ ಮೊದಲೇ ಕಮಾನಿನ ನೆತ್ತಿಯನ್ನು ಚೂಪಾಗಿಸಿ ಮೇಲಕ್ಕೆತ್ತಿದ್ದರು. ಚೂಪು ಕಮಾನು ಸ್ವರ್ಗದತ್ತ ಬೆರಳು ತೋರಿಸಲೆಂದು ಹುಟ್ಟಿತು ಎನ್ನುವವರು ಗೋಡೆಯ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸುಮಾರು 30 ಮೀಟರ್ ಎತ್ತರದಲ್ಲಿ ಕಲ್ಲಿನ ಚಾವಣಿ ನಿಲ್ಲಿಸಲು ಕ್ಲೂನಿಯವರಿಗೆ ಆ ಆಕಾರ ಬೇಕಿತ್ತು. ಆದರೂ ತಳ್ಳುವಿಕೆ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಅಷ್ಟು ಎತ್ತರದ ಗೋಡೆಗೆ ಉಳಿದ ಪಾಲೂ ಭಾರವೇ.

187 ಮೀಟರ್ ಉದ್ದದ ಆ ಚರ್ಚನ್ನು ಕೆಡವಿದ್ದು ಕಮಾನಿನ ದೋಷವಲ್ಲ. ಫ್ರೆಂಚ್ ಕ್ರಾಂತಿಯ ನಂತರ 1798ರಲ್ಲಿ ಅದನ್ನು ಮಾರಲಾಯಿತು. ಕೊಂಡವರು ಅದನ್ನು ಕಲ್ಲುಗಣಿ ಮಾಡಿಕೊಂಡು, 1823ರ ಹೊತ್ತಿಗೆ ಬಹುಪಾಲನ್ನು ಕಿತ್ತುಹಾಕಿದ್ದರು. ಮುಖ್ಯವಾಗಿ ಅಡ್ಡಸಾಲಿನ, ಅಂದರೆ ಚರ್ಚಿಗೆ ಅಡ್ಡಲಾಗಿ ಚಾಚಿದ ಭಾಗದ, ದಕ್ಷಿಣದ ತೋಳು ಎಂಟು ಮೂಲೆಯ ಗೋಪುರವನ್ನು ಹೊತ್ತು ಉಳಿದಿದೆ. ಚರ್ಚಿನ ಬಹುಪಾಲು ಇಲ್ಲವಾಗಿದ್ದರೂ, ಅಲ್ಲಿನ ಚೂಪು ಕಮಾನುಗಳು ಇಂದಿಗೂ ನಿಂತಿವೆ.