ಗುಂಡೇಟಿಗೆ ಸಾಕ್ಷಿ ಇದೆ, ಸವೆದ ಮಂಡಿಗೆ?

ಚಿತ್ರದುರ್ಗ, ದಾವಣಗೆರೆಯ ಮೈದಾನಗಳಲ್ಲಿ ಸೇನಾ ಭರ್ತಿಗೆಂದು ಓಡುವವರ ಪೈಕಿ ಈಗ ಹುಡುಗಿಯರೂ ಇದ್ದಾರೆ. 1.6 ಕಿ.ಮೀ. ಓಟವನ್ನು ನಿಗದಿತ ಸಮಯದಲ್ಲಿ ಮುಗಿಸಬೇಕು, ಪಾದ ಚಪ್ಪಟೆ ಇರಬಾರದು, ನಿಂತಾಗ ಮಂಡಿಗೆ ಮಂಡಿ ತಾಗಬಾರದು. ಇಷ್ಟೆಲ್ಲ ಅಳೆದು ಸೇರಿಸಿಕೊಂಡವರು ವರ್ಷಗಳ ನಂತರ ಸೊಂಟನೋವು, ಮಂಡಿನೋವಿನೊಂದಿಗೆ ಊರಿಗೆ ಬಂದಾಗ, ಈ ನೋವು ಸೇವೆಯಿಂದಲೇ ಬಂತೇ ಎಂಬ ತಕರಾರು ಶುರುವಾಗುತ್ತದೆ.

ತಕರಾರು ಹೊಸದಾದರೂ ನೋವು ಹಳೆಯದು. 1855ರಲ್ಲೇ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್, ನಡೆದೂ ನಡೆದೂ ಊದಿದ ಸೈನಿಕರ ಪಾದಗಳ ಬಗ್ಗೆ ಬರೆದ. ಅದು ಮೂಳೆಯ ಬಿರುಕೆಂದು ತಿಳಿದದ್ದು ಎಕ್ಸ್‌ರೇ ಬಂದ ಮೇಲೆ.

ನಮ್ಮಲ್ಲಿ ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತು: ಊನ ಶೇ. 20ಕ್ಕೆ ಕಡಿಮೆ ಇರಬಾರದು. ಅದು ಸೇವೆಯಿಂದ ಬಂದಿರಬೇಕು ಇಲ್ಲವೇ ಉಲ್ಬಣಿಸಿರಬೇಕು. ಗುಂಡೇಟಿಗೆ ತಾರೀಖು, ಜಾಗ, ಸಾಕ್ಷಿ ಎಲ್ಲ ಇರುತ್ತದೆ. ಬೆಟ್ಟದ ಗಸ್ತಿನಲ್ಲಿ ಹೊರೆ ಹೊತ್ತು ಸವೆದ ಮಂಡಿಗೆ ಯಾವ ತಾರೀಖು? ಸೇವೆಯಿಂದ ಬಿಡುಗಡೆಯಾಗುವಾಗ ಪರೀಕ್ಷಿಸುವ ಮೆಡಿಕಲ್ ಬೋರ್ಡ್ 'ಸೇವೆಗೆ ಸಂಬಂಧವಿಲ್ಲ' ಎಂದು ಒಂದು ಸಾಲು ಬರೆದರೆ ಅಲ್ಲಿಗೆ ಮುಗಿಯುತ್ತಿತ್ತು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಅದು ಸೇವೆಯಿಂದ ಬಂತೆಂದೇ ಭಾವಿಸಬೇಕು, ಅಲ್ಲವೆನ್ನುವುದಾದರೆ ಸೇನೆಯೇ ಕಾರಣ ಕೊಡಬೇಕು ಎಂದಿತು. ಆ ತೀರ್ಪು 1982ರ ಪಿಂಚಣಿ ನಿಯಮಗಳನ್ನು ಆಧರಿಸಿತ್ತು. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದವು, ವಾದ ಮತ್ತೆ ಮೊದಲಿನಿಂದ.

ಈ ನಡುವೆ ಮಹಿಳೆಯರೂ ಸೇನೆಗೆ ಬಂದರು. 1992ರಿಂದ ವೈದ್ಯಕೀಯೇತರ ವಿಭಾಗಗಳಲ್ಲೂ ಅಧಿಕಾರಿಗಳಾಗಿ, 2021ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ ಮಿಲಿಟರಿ ಪೊಲೀಸ್ ತಂಡದಿಂದ ಸಿಪಾಯಿಗಳಾಗಿಯೂ. ಬ್ರಿಟನ್ ಸೇನೆ 1998ರಲ್ಲಿ ಗಂಡು, ಹೆಣ್ಣು ಇಬ್ಬರಿಗೂ ಒಂದೇ ತರಬೇತಿ ಕೊಟ್ಟಾಗ, ಅತಿ ಶ್ರಮದ ಗಾಯದಿಂದ ಹೊರಬಿದ್ದ ಹೆಣ್ಣುಮಕ್ಕಳ ಪ್ರಮಾಣ ಶೇ. 4.6ರಿಂದ 11.1ಕ್ಕೆ ಏರಿತು; ಗಂಡಸರಲ್ಲಿ ಶೇ. 1.5ನ್ನೂ ದಾಟಲಿಲ್ಲ. ಸಪೂರ ಮೂಳೆ, ದೇಹದ ತೂಕಕ್ಕೆ ಹೋಲಿಸಿದರೆ ಹೆಚ್ಚಿನ ಹೊರೆ, ಎತ್ತರದವರ ಹೆಜ್ಜೆಗೆ ಹೆಜ್ಜೆ ಸೇರಿಸಲು ಕಾಲು ಚಾಚಿ ನಡೆಯಬೇಕಾದ ಒತ್ತಡ, ಎಲ್ಲವೂ ಕಾರಣ. ಇದು ಹೆಣ್ಣಿನ ಅಸಾಮರ್ಥ್ಯವಲ್ಲ, ಗಂಡಿನ ಅಳತೆಗೆ ಹೊಲಿದ ತರಬೇತಿಯ ಫಲ.

ನಾಲ್ಕು ವರ್ಷದ ಸೇವೆಗೆ ಭರ್ತಿ ಮಾಡಿಕೊಳ್ಳುವ 2022ರ ಅಗ್ನಿಪಥ ಯೋಜನೆಯಲ್ಲಿ ಪಿಂಚಣಿಯೇ ಇಲ್ಲ. ಸೇವೆಯಿಂದ ಬಂದ ಊನಕ್ಕೆ ಶೇ. 50, 75, 100 ಎಂಬ ಲೆಕ್ಕದಲ್ಲಿ 15, 25, 44 ಲಕ್ಷ ರೂಪಾಯಿ ಇಡಿಗಂಟು. ಕಣಕಾಲಿನ ಬಿರುಕು ಮೊದಲೆರಡು ವಾರ ಎಕ್ಸ್‌ರೇಯಲ್ಲೂ ಕಾಣಿಸದೆ ಇರಬಹುದು. ತಂಡದಿಂದ ಹಿಂದೆ ಬಿದ್ದೇನೆಂಬ ಭಯಕ್ಕೆ ನೋವು ನುಂಗಿ ಓಡಿದವರ ವೈದ್ಯಕೀಯ ಕಡತದಲ್ಲಿ ಆ ದಿನಗಳ ಒಂದು ಚೀಟಿಯೂ ಇರುವುದಿಲ್ಲ.