ಬೆಂಡೆಗೆ ಅಂತರ, ಹೊದಿಕೆ, ನೀರು: ಮೂರನ್ನೂ ಸೇರಿಸಿ ಓದಿ

ಬೆಂಡೆ ಬೇಸಾಯದ ಪಾಠದಲ್ಲಿ ಈ ಮೂರೂ ಬೇರೆ ಬೇರೆ ತಲೆಬರಹದಲ್ಲಿ ಬರುತ್ತವೆ. ಹಾಗೆ ಬಿಡಿಬಿಡಿಯಾಗಿ ಓದಿದರೆ ಅಳತೆಗಳು ಬಾಯಿಪಾಠ ಆಗುತ್ತವೆ, ಕಾರಣ ಹೊಳೆಯುವುದಿಲ್ಲ. ಬೇರಿನ ಹತ್ತಿರ ಎಷ್ಟು ತೇವ ಇದೆ, ಅದನ್ನು ಎಷ್ಟು ಗಿಡ ಹಂಚಿಕೊಳ್ಳುತ್ತವೆ ಎಂದು ಕೇಳಿಕೊಂಡು ಓದಿ.

ಮೊದಲು ಅಂತರ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಟ್ಟರೆ ಎಕರೆಗೆ ಸುಮಾರು 22,500 ಗಿಡ. ಸಾಲಿನ ಅಂತರವನ್ನು 45ಕ್ಕೆ ಇಳಿಸಿದರೆ ಸುಮಾರು 30,000. ಗಿಡ ಜಾಸ್ತಿ ಆದರೆ ಎಕರೆಯ ಇಳುವರಿ ಏರಬಹುದು, ಆದರೆ ಒಂದೊಂದು ಗಿಡದ ಕಾಯಿ ಕಡಿಮೆಯಾಗುತ್ತದೆ. ಕವಲು ಒಡೆಯದೆ ಗಿಡ ಸುಮ್ನೆ ಎತ್ತರಕ್ಕೆ ಹೋಗುತ್ತದೆ. ಗಾಳಿಯಾಡದ ಕಡೆ ಬೂದಿ ರೋಗಕ್ಕೂ ಅನುಕೂಲ. ಬೇಸಿಗೆಯಲ್ಲಿ ಗಿಡ ಅಷ್ಟು ಹರಡುವುದಿಲ್ಲ, ಹಾಗಾಗಿ 45 ಸಾಕು. ಮಳೆಗಾಲಕ್ಕೆ ನಾನು 60ನ್ನೇ ಒಪ್ಪುತ್ತೇನೆ.

ಹೊದಿಕೆ ಎಂದರೆ ತೇವ ಬೇಗ ಆರದಂತೆ ಗಿಡಗಳ ಸುತ್ತ ಮಣ್ಣಿನ ಮೇಲೆ ಹರಡುವ ಪದರ. ಅದಕ್ಕೆ ಭತ್ತದ ಹುಲ್ಲು, ಕಬ್ಬಿನ ರವದಿ, ತರಗೆಲೆ ಯಾವುದಾದರೂ ಆಗುತ್ತದೆ. ಸಸಿ ಗೇಣುದ್ದ ಬೆಳೆದ ಮೇಲೆ ಹಾಕಿ. ಬೆಂಡೆ ಬೀಜ ಮೊಳೆಯಲು ಮಣ್ಣು ಬೆಚ್ಚಗಿರಬೇಕು, ಹುಲ್ಲು ಅದನ್ನು ತಂಪು ಮಾಡಿಬಿಡುತ್ತದೆ. ಬುಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಕಾಂಡ ಕೊಳೆಯಬಹುದು. ಗೆದ್ದಲು ಇರುವ ಹೊಲದಲ್ಲಿ ಒಣಹುಲ್ಲಿನ ಬಗ್ಗೆ ಎಚ್ಚರ. ಮಲ್ಚಿಂಗ್ ಶೀಟ್ (ಹೊದಿಕೆಯಾಗಿ ಹಾಸುವ ಪ್ಲಾಸ್ಟಿಕ್ ಹಾಳೆ) ಆದರೆ ಬೆಳ್ಳಿ ಬಣ್ಣದ ಮಗ್ಗುಲು ಮೇಲಿರಲಿ. ಅದರಿಂದ ಪ್ರತಿಫಲಿಸುವ ಬೆಳಕಿಗೆ ಬಿಳಿನೊಣ ಹತ್ತಿರ ಬರುವುದು ಕಡಿಮೆ. ಎಲೆಯ ನರಗಳು ಹಳದಿಯಾಗುವ ಹಳದಿ ನಂಜುರೋಗ ಹರಡುವುದೇ ಈ ನೊಣದಿಂದ ಅಲ್ವಾ? ಆ ರೋಗ ತಡೆದುಕೊಳ್ಳುವ ಅರ್ಕಾ ಅನಾಮಿಕ ತಳಿ ಬಂದದ್ದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ.

ಇನ್ನು ನೀರು. ಇದನ್ನು ದಿನ ಎಣಿಸಿ ಕೊಡಬೇಡಿ. ಹುಲ್ಲು ಸರಿಸಿ, ಎರಡು ಬೆರಳು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಿದರೆ ಇವತ್ತು ನೀರು ಬೇಡ, ಉದುರಿದರೆ ಕೊಡಿ. ಕಪ್ಪು ಮಣ್ಣಿನಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ, ಕೆಂಪು ಮಣ್ಣಿನಲ್ಲಿ ಬೇಗ ಆರುತ್ತದೆ.

ಬಿತ್ತಿದ ಸುಮಾರು 40–45 ದಿನಕ್ಕೆ ಹೂ ಬರುತ್ತದೆ. ಅಲ್ಲಿಂದ ಮುಂದೆ ತೇವ ತಪ್ಪಿದರೆ ಹೂ ಉದುರುತ್ತದೆ, ಕಾಯಿ ಬೇಗ ನಾರಾಗುತ್ತದೆ. ಕಾಯಿಯ ತುದಿ ಮುರಿದು ನೋಡಿ: ಎಳೆಯದು ಟಪ್ಪೆಂದು ಮುರಿಯುತ್ತದೆ, ಬಲಿತದ್ದು ಬಾಗುತ್ತದೆ. ಹೂ ಬಿಟ್ಟ ಒಂದು ವಾರದೊಳಗೆ ಕೊಯ್ದಿದ್ದರೂ ನಾರಿದ್ದರೆ ನೀರಿನ ಕಡೆ ಮೊದಲು ಗಮನ ಕೊಡಿ.

ಮಳೆಗಾಲದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರಾಡಲು ಆಗದೆ ಎಲೆ ಹಳದಿಯಾಗುತ್ತದೆ. ಆಗ ದಿಬ್ಬದ ಮೇಲೆ ಬಿತ್ತಿ, ಬಸಿಗಾಲುವೆ ತೆಗೆದು, ಹೊದಿಕೆಯನ್ನು ತೆಳುವಾಗಿಯೇ ಹಾಕಬೇಕು.