ವರ್ಚುವಲ್ ಲೋಕದಲ್ಲಿ ಎಂಥಾ ಕ್ಷೇತ್ರಕಾರ್ಯ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಕ್ಕೋರೇ, ನಾನು ಹಾವೇರಿ ಕಡೆಯ ಡ್ರಾಯಿಂಗ್ ಮಾಸ್ತರ. ಮಕ್ಕಳಿಗೆ ವರ್ಚುವಲ್ ಲೋಕದೊಳಗೆ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ, ಜನ ಒಳಹೊಕ್ಕು ಓಡಾಡುವ ಲೋಕದೊಳಗೆ, ಚಿತ್ರಕಲೆ ಕಲಿಸಬೇಕು, ಮುಂದೆ ಅಂಥ ಲೋಕವೊಂದರ ಜನರ ಮೇಲೆ ಪಿಎಚ್.ಡಿ. ಮಾಡಬೇಕು ಅಂತ ಆಸೆ. ಆದರೆ ಕೇಳಿದವರೆಲ್ಲ ‘ಅದು ನಿಜವಾದ ಜಗತ್ತಲ್ಲ, ಅಲ್ಲಿ ಎಂಥಾ ಕ್ಷೇತ್ರಕಾರ್ಯ?’ ಅಂತಾರೆ. ಮಾಡಬಹುದೋ ಬೇಡವೋ?

ಮಾಡಬಹುದು ಮಾಸ್ತರೇ. ಎರಡನ್ನೂ ಮಾಡಬಹುದು. ಕ್ಷೇತ್ರಕಾರ್ಯ ಅಂದರೆ ಜನ ಇರುವ ಕಡೆಯೇ ಹೋಗಿ, ಜೊತೆಗಿದ್ದು ನೋಡಿ ಅಧ್ಯಯನ ಮಾಡುವುದು, ಅಷ್ಟೇ.

ಈ ವರ್ಷ ಇದೇ ಪ್ರಶ್ನೆ ನನಗೆ ಬಂದಿರುವುದು ನಾಲ್ಕನೇ ಸಲ. ಧಾರವಾಡದಿಂದ ಎರಡು, ಗದಗಿನಿಂದ ಒಂದು, ಈಗ ನಿಮ್ಮದು. ಎಲ್ಲರ ಪತ್ರದಲ್ಲೂ ‘ನಿಜವಾದ ಜಗತ್ತಲ್ಲ’ ಎಂಬ ಮಾತು ಇದ್ದೇ ಇರುತ್ತದೆ. ಅದಕ್ಕೇ ಈ ಸಲ ಆ ಮಾತನ್ನೇ ಹಿಡಿದು ಕೂರುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಸಣ್ಣಪುಟ್ಟದ್ದನ್ನು ಮುಗಿಸಿಬಿಡೋಣ. ತಲೆಗೆ ಹಾಕುವ ದುಬಾರಿ ಹೆಡ್‌ಸೆಟ್ ಬೇಕೇ ಬೇಕು ಅಂತೇನಿಲ್ಲ. ಸೆಕೆಂಡ್ ಲೈಫ್ ಎಂಬ, ಜನ ಬೇರೆ ಹೆಸರು, ಬೇರೆ ರೂಪ ತೊಟ್ಟು ಸೇರುವ ಆನ್‌ಲೈನ್ ಲೋಕ 2003ರಲ್ಲಿ ಶುರುವಾದಾಗ ಸಾದಾ ಕಂಪ್ಯೂಟರ್ ಪರದೆ, ಕೀಬೋರ್ಡು, ಮೌಸು, ಇಷ್ಟೇ ಸಾಕಿತ್ತು. ಈಗಲೂ ಅಷ್ಟೇ. ಆದರೆ ಅದು ದೊಡ್ಡವರ ಜಾಗ, ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಮಕ್ಕಳಿಗೆ ಲುವಾಂಟಿ ಇದೆ, ಚೌಕ ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಆಟದಂಥ ತಂತ್ರಾಂಶ. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್ ಅಂತ ಇತ್ತು. ಪುಕ್ಕಟೆ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆ ಲ್ಯಾಬಿನ ಒಳಗಿನ ನೆಟ್‌ವರ್ಕಿನಲ್ಲೇ ಇಡೀ ತರಗತಿ ಒಂದೇ ಲೋಕದೊಳಗೆ ಓಡಾಡಬಹುದು. ಹೊರಗಿನವರು ಯಾರೂ ಒಳಗೆ ಬರಲ್ಲ. ಪಾಲಕರನ್ನು ಕರೆದು ಅದನ್ನು ಮೊದಲೇ ತೋರಿಸಿ, ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಈಗ ಆ ಹಟಮಾರಿ ಮಾತಿಗೆ ಬರುತ್ತೇನೆ. ‘ಅಲ್ಲಿ ಹೆಸರು ಸುಳ್ಳು, ಮುಖ ಸುಳ್ಳು. ಹಾಗಾಗಿ ಅಲ್ಲಿ ಕಲಿತದ್ದೂ ಸುಳ್ಳು, ಅದರ ಮೇಲೆ ಬರೆದದ್ದೂ ಸುಳ್ಳು.’ ಕೇಳೋಕೆ ಸರಿ ಅನಿಸುತ್ತದೆ, ಅಲ್ವಾ? ಆದರೆ ಈ ಮಾತು ಆಡುವವರೂ ನಮ್ಮ ಕಡೆಯವರೇ, ದೊಡ್ಡಾಟ ನೋಡಿ ಬೆಳೆದವರೇ. ದ್ರೌಪದಿಯ ವೇಷ ಹಾಕಿದವನು ಬೆಳಗಾದರೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುವವನು ಅಂತ ಇಡೀ ಊರಿಗೆ ಗೊತ್ತು. ಆದರೂ ಅವಳ ಸೀರೆಗೆ ಕೈ ಹಾಕಿದ ಹೊತ್ತಿಗೆ ಕೌದಿ ಹೊದ್ದು ಕೂತ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಆ ಕಣ್ಣೀರನ್ನು ಯಾರಾದರೂ ಸುಳ್ಳು ಅಂದಿದ್ದಾರಾ? ದೊಡ್ಡಾಟದ ಮೇಲೆ ಪ್ರಬಂಧ ಬರೆಯುವವರು ಆ ರಾತ್ರಿ ಆ ಅಟ್ಟದ ಮೇಲೆ ಏನಾಯಿತು, ಎದುರಿಗೆ ಕೂತವರಿಗೆ ಏನಾಯಿತು ಎಂಬುದನ್ನು ಬರೆಯುತ್ತಾರೆ. ವೇಷ ಅನ್ನುವುದು ಅಲ್ಲಿ ಅಡ್ಡಿಯಲ್ಲ, ಅದೇ ವಿಷಯ.

ಇನ್ನೂ ಹತ್ತಿರದ್ದು ಬೇಕಾದರೆ ಗೊಟಗೋಡಿಗೆ ಹೋಗಿ. ನಿಮಗೆ ದೂರವೇನಲ್ಲ, ಶಿಗ್ಗಾವಿ ಹತ್ತಿರ ಹುಬ್ಬಳ್ಳಿ ಹೆದ್ದಾರಿಯಲ್ಲೇ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದರು. ಸಿಮೆಂಟಿನ ಮನುಷ್ಯರು, ಸಿಮೆಂಟಿನ ದನಕರು, ಎಲ್ಲ ಆಳೆತ್ತರದವು, ಒಂದು ಇಡೀ ಹಳ್ಳಿಯ ಬದುಕು. ಹೋದ ಸಲ ನಾನು ಹೋದಾಗ ಅಜ್ಜ ಒಬ್ಬರು ಮೊಮ್ಮಗಳ ಕೈ ಹಿಡಿದು ನಿಂತಿದ್ದರು. ‘ನೋಡವಾ, ನಮ್ಮಪ್ಪ ಹಿಂಗ ಎತ್ತು ಹೂಡತಿದ್ದ’ ಅಂದರು. ಆಮೇಲೆ ನೊಗದ ಹಗ್ಗ ಹೇಗೆ ಬಿಗಿಯಬೇಕು ಅಂತ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದರು. ಆ ಹುಡುಗಿ ಆವತ್ತು ಕಲಿತದ್ದು ಸಿಮೆಂಟಿನ ಸುಳ್ಳನ್ನಾ? ಜಾನಪದ ವಿಶ್ವವಿದ್ಯಾಲಯ ಇರುವುದೂ ಅದೇ ಗೊಟಗೋಡಿಯಲ್ಲಿ. ಕಟ್ಟಿದ ಹಳ್ಳಿ ಮತ್ತು ಹಳ್ಳಿಯ ಅಧ್ಯಯನ ಒಂದೇ ಕಡೆ ಇರುವುದು ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ.

ಇನ್ನು ಗೈಡ್ ಎದುರು ಇಡಬೇಕಾದ ಮಾತು. ಟಾಮ್ ಬೋಲ್‌ಸ್ಟಾರ್ಫ್ ಅಂತ ಕ್ಯಾಲಿಫೋರ್ನಿಯಾದ ಮಾನವಶಾಸ್ತ್ರಜ್ಞರು. ಮೊದಲು ಇಂಡೋನೇಷ್ಯಾದಲ್ಲಿ ಕ್ಷೇತ್ರಕಾರ್ಯ ಮಾಡಿದವರು. ಅವರು 2004ರಿಂದ 2007ರವರೆಗೆ, ಎರಡು ವರ್ಷಕ್ಕೂ ಜಾಸ್ತಿ, ಸೆಕೆಂಡ್ ಲೈಫಿನೊಳಗೇ ಕ್ಷೇತ್ರಕಾರ್ಯ ಮಾಡಿದರು. ಅಲ್ಲಿ ಅವರ ಹೆಸರು ಟಾಮ್ ಬುಕೋವ್‌ಸ್ಕಿ. ಅಲ್ಲೇ ಒಂದು ಮನೆ ಮಾಡಿ ಅದಕ್ಕೆ ಎಥ್ನೋಗ್ರಾಫಿಯಾ ಅಂತ ಹೆಸರಿಟ್ಟಿದ್ದರು. ತಾನು ಸಂಶೋಧಕ ಅಂತ ಮುಚ್ಚಿಡಲಿಲ್ಲ. ಸಂದರ್ಶನಕ್ಕೆ ಒಪ್ಪಿಗೆ ಪಡೆದರು. 2008ರಲ್ಲಿ ಅದು ಪುಸ್ತಕವಾಗಿ ಬಂತು.

ಅವರು ಮಾಡದೇ ಬಿಟ್ಟ ಒಂದು ಕೆಲಸ ನಿಮಗೆ ಮುಖ್ಯ. ಅಲ್ಲಿ ಸಿಕ್ಕವರ ಹೊರಗಿನ ಮನೆ ಹುಡುಕಿಕೊಂಡು ಹೋಗಿ ‘ನೀನು ಹೇಳಿದ್ದು ನಿಜವೋ’ ಅಂತ ಪರೀಕ್ಷೆ ಮಾಡಲಿಲ್ಲ. ಯಾಕೆ? ಅಲ್ಲಿನ ಜನರೇ ಒಬ್ಬರ ಹೊರಗಿನ ಬದುಕು ಇನ್ನೊಬ್ಬರಿಗೆ ಗೊತ್ತಿಲ್ಲದೆ ಗೆಳೆತನ ಮಾಡುತ್ತಿದ್ದರು, ಜಗಳ ಆಡುತ್ತಿದ್ದರು, ಜಾಗ ಕೊಂಡು ಮನೆ ಕಟ್ಟುತ್ತಿದ್ದರು. ಅವರ ನಾಣ್ಯ ಲಿಂಡನ್ ಡಾಲರನ್ನು ಅಮೆರಿಕದ ಡಾಲರಿಗೆ ಬದಲಾಯಿಸಿಕೊಳ್ಳಬಹುದಿತ್ತು, ಈಗಲೂ ಆಗುತ್ತದೆ. ಹೊರಗಿನದು ಗೊತ್ತಿಲ್ಲದೆಯೇ ನಂಬಿಕೆ ಹೇಗೆ ಹುಟ್ಟುತ್ತದೆ ಅನ್ನುವುದೇ ಆ ಲೋಕದ ರೀತಿ. ಸಂಶೋಧಕ ಹೊರಗೆ ಹೋಗಿ ವಿಳಾಸ ಕೆದಕಿದರೆ ಅಲ್ಲಿ ಯಾರೂ ಬದುಕದ ರೀತಿಯಲ್ಲಿ ಅವನೊಬ್ಬ ಬದುಕಿದಂತಾಗುತ್ತದೆ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 100 ವರ್ಷಕ್ಕೂ ಹಿಂದೆ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಊರ ನಡುವೆ ಡೇರೆ ಹಾಕಿ ಕೂತದ್ದು ಯಾಕೆ? ಅಲ್ಲಿಯವರು ಬದುಕುವ ಕಡೆಯೇ ಇದ್ದು ನೋಡಬೇಕು ಅಂತ. ಬೋಲ್‌ಸ್ಟಾರ್ಫ್ ಮಾಡಿದ್ದೂ ಅದನ್ನೇ. ಡೇರೆಯ ಜಾಗ ಮಾತ್ರ ಬೇರೆ.

ಆದರೆ ಒಂದು ಗೆರೆ ಇದೆ, ದಾಟಬಾರದು. ಅಲ್ಲಿ ಒಬ್ಬ ‘ನಾನು ರೋಣದ ರೈತ’ ಅಂದ ಅಂತಿಟ್ಟುಕೊಳ್ಳಿ. ‘ಆ ಲೋಕದಲ್ಲಿ ಒಬ್ಬ ತನ್ನನ್ನು ರೋಣದ ರೈತ ಅಂತ ಹೇಳಿಕೊಂಡ, ಉಳಿದವರು ಹೀಗೆ ನಡೆದುಕೊಂಡರು’ ಅಂತ ನೀವು ಬರೆಯಬಹುದು. ‘ರೋಣದ ರೈತರು ಹೀಗೆ ಯೋಚಿಸುತ್ತಾರೆ’ ಅಂತ ಬರೆಯುವಂತಿಲ್ಲ. ಅದು ಬೇಕಾದರೆ ರೋಣದ ಬಸ್ ಹತ್ತಬೇಕು. ಬಾನಿ ನಾರ್ಡಿ ಎಂಬ ಸಂಶೋಧಕಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದೊಳಗೆ ಆಟಗಾರ್ತಿಯಾಗಿ ಸೇರಿ ಅಧ್ಯಯನ ಮಾಡಿದರು. ಚೀನಾದವರು ಅದನ್ನು ಹೇಗೆ ಆಡುತ್ತಾರೆ ಅನ್ನುವ ಪ್ರಶ್ನೆ ಬಂದಾಗ ಚೀನಾಕ್ಕೇ ಹೋಗಿ ಇಂಟರ್ನೆಟ್ ಕೆಫೆಗಳಲ್ಲಿ ಕೂತರು. ಪ್ರಶ್ನೆ ಎಲ್ಲಿಯದೋ ಕ್ಷೇತ್ರವೂ ಅಲ್ಲಿಯದೇ.

ಮನೆಯಲ್ಲೇ ಕೂತು ಮಾಡುವ ಸುಲಭದ ಕೆಲಸ ಅಂತ ಯಾರಾದರೂ ಅಂದರೆ ಅದನ್ನೂ ನಂಬಬೇಡಿ. ಅಮೆರಿಕದವರು ಸಂಜೆ ಕೆಲಸ ಮುಗಿಸಿ ಒಳಗೆ ಬರುವ ಹೊತ್ತಿಗೆ ನಮ್ಮಲ್ಲಿ ಕೋಳಿ ಕೂಗುತ್ತಿರುತ್ತದೆ. ಆಗ ಎದ್ದು ಕೂರಬೇಕು. ದಿನವೂ ಕೂರಬೇಕು. ಬೋಲ್‌ಸ್ಟಾರ್ಫ್, ನಾರ್ಡಿ, ಸೀಲಿಯಾ ಪಿಯರ್ಸ್, ಟಿ.ಎಲ್. ಟೇಲರ್ ನಾಲ್ವರೂ ಸೇರಿ 2012ರಲ್ಲಿ ಈ ವಿಧಾನದ ಮೇಲೆಯೇ ಒಂದು ಕೈಪಿಡಿ ಬರೆದರು. ಬರೀ ಸಂದರ್ಶನ ಮಾಡಿದರೆ ಸಾಲದು, ಜೊತೆಗಿದ್ದು ನೋಡಬೇಕು ಅಂತ ಅದು ಹೇಳುತ್ತದೆ. ಸಂಶೋಧಕ ಅನ್ನುವುದನ್ನು ಬಚ್ಚಿಟ್ಟು ಒಳಗೆ ಹೋಗಬಾರದು ಅಂತಲೂ ಹೇಳುತ್ತದೆ. ನಮ್ಮ ಜಾನಪದ ವಿಭಾಗಗಳಲ್ಲಿ ವಕ್ತೃಗಳ, ಅಂದರೆ ಮಾಹಿತಿ ಕೊಡುವವರ, ಬಗ್ಗೆ ಹೇಳಿಕೊಡುವುದೂ ಇದನ್ನೇ ಅಲ್ವಾ? ಸಿನಾಪ್ಸಿಸ್‌ನಲ್ಲಿ ಈ ಕೈಪಿಡಿಯ ವಿಷಯ ಬರೆಯಿರಿ.

ಈಗ ಕಲಿಸುವ ಮಾತು. ಇದು ನನಗೆ ತುಂಬಾ ಇಷ್ಟದ ಭಾಗ.

2007ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ, ಹಳೆಯ ಕಲಾವಿದರ ಚಿತ್ರಗಳಿರುವ ಸಂಗ್ರಹಾಲಯವನ್ನು ಸೆಕೆಂಡ್ ಲೈಫಿನೊಳಗೆ ಹಾಗೇ ಕಟ್ಟಿದರು. ದೊಡ್ಡ ಕೆಲಸ, ಗೌರವ ಇದೆ. ಆದರೆ ಮಕ್ಕಳಿಗೆ ಕಲಿಸುವಾಗ ಗೋಡೆಗೆ ಚಿತ್ರ ತೂಗುಹಾಕಿ ‘ನೋಡಿ’ ಅಂದರೆ ಅವರು ಐದು ನಿಮಿಷಕ್ಕೆ ಓಡಿಹೋಗುತ್ತಾರೆ. ಅವರ ಕೈಗೆ ಕಟ್ಟುವ ಕೆಲಸ ಕೊಡಬೇಕು. ಚೀನಾದ ಕಲಾವಿದೆ ತ್ಸಾವ್ ಫೇ ಅದೇ ಸೆಕೆಂಡ್ ಲೈಫಿನೊಳಗೆ ಆರ್‌ಎಂಬಿ ಸಿಟಿ ಅಂತ ಒಂದು ಇಡೀ ನಗರ ಕಟ್ಟಿದರು. ಅದು ಯಾವುದರ ನಕಲೂ ಅಲ್ಲ. ಅಲ್ಲಿ ಲೋಕವೇ ಕಲಾಕೃತಿ.

ನಾನು ಒಂಬತ್ತನೇ ತರಗತಿಯವರಿಗೆ ಲುವಾಂಟಿಯಲ್ಲಿ ಕಸೂತಿ ಕೊಟ್ಟೆ. ಯಾಕೆಂದರೆ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಈ ಲೋಕವೂ ಚೌಕ ಚೌಕ ಇಟ್ಟಿಗೆಯದೇ, ಎಣಿಸಿಯೇ ಇಡಬೇಕು. ಒಬ್ಬ ಹುಡುಗಿ ಗೋಪುರದ ಚಿತ್ತಾರ ಆರಿಸಿಕೊಂಡಳು. ಅವಳ ಅಜ್ಜಿಯ ಕರಿ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಅದು ಇತ್ತು. ಕರಿ ಗೋಡೆ ಕಟ್ಟಿ ಅದರ ಮೇಲೆ ಕೆಂಪು, ಬಿಳಿ ಇಟ್ಟಿಗೆ ಹಚ್ಚಿ ಗೋಪುರ ಎಬ್ಬಿಸಿದಳು. ಚೆಂದ ಬಂದಿತ್ತು. ಪಾಲಕರ ಸಭೆಯ ದಿನ ಅಜ್ಜಿಯನ್ನೇ ಕರೆತಂದಳು.

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಬೆರಳಿಟ್ಟು ಎಣಿಸಿದರು. ‘ಲೆಕ್ಕ ಸರಿ ಐತಿ’ ಅಂದರು. ಆಮೇಲೆ ಕೇಳಿದರು: ‘ಹಿಂದ ಹೆಂಗ ಕಾಣತೈತಿ?’

ಹುಡುಗಿ ಗೋಡೆ ಸುತ್ತಿ ಹಿಂದೆ ನಡೆದಳು. ಹಿಂದೆ ಬರೀ ಕರಿ.

‘ಹಿಂದ ಇಲ್ಲಂದ್ರ ಗವಂತಿ ಅಲ್ಲ ಬಿಡವಾ.’

ಗವಂತಿ ಹೊಲಿಗೆ ಗೊತ್ತಿಲ್ಲದವರಿಗೆ: ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬಿಕೊಂಡು ಬರುತ್ತದೆ. ಗಂಟು ಹಾಕುವುದಿಲ್ಲ. ಹಿಂದೆ, ಮುಂದೆ ಎರಡೂ ಕಡೆ ಚಿತ್ತಾರ ಒಂದೇ ಥರ ಕಾಣಬೇಕು. ಹುಡುಗಿ ಇಡೀ ಗೋಡೆ ಕೆಡವಿದಳು. ಒಂದೇ ಇಟ್ಟಿಗೆ ದಪ್ಪದ ಗೋಡೆ ಎಬ್ಬಿಸಿ, ಚಿತ್ತಾರದ ಇಟ್ಟಿಗೆಯನ್ನು ಗೋಡೆಯ ಒಳಗೇ ಕೂರಿಸಿದಳು. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬಿ. ಎಲ್ಲಿಂದ ಶುರು ಮಾಡಿದರೆ ಕೊಂಡಿ ತಪ್ಪದೆ ಶುರುವಿಗೇ ಬಂದು ಮುಟ್ಟಬಹುದು ಅಂತ ನೋಟ್‌ಬುಕ್ಕಿನಲ್ಲಿ ಮೂರು ದಿನ ದಾರಿ ಹಾಕಿದಳು. ಕಾಗದದ ಮೇಲೆ ಕಸೂತಿಯ ಚಿತ್ರ ಬರೆಸಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕಾಗದದ ಚಿತ್ರದ ಹಿಂದೆ ಹೋಗಿ ನಿಲ್ಲೋಕೆ ಆಗಲ್ಲ. ನಾನು ಇಷ್ಟು ವರ್ಷ ಡ್ರಾಯಿಂಗ್ ಕಲಿಸಿದ್ದೇನೆ, ಒಂದು ಹೊಲಿಗೆಯ ಗುಟ್ಟು ಒಂದು ಮಗುವಿಗೆ ಹೀಗೆ ಕೈಗೆ ಹತ್ತಿದ್ದನ್ನು ಅದೇ ಮೊದಲು ನೋಡಿದ್ದು. ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನೊಂದು ತರಗತಿಯನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆ. ಮುಸುಕಿನ ಬಾವಿಯ ಮೆಟ್ಟಿಲು, ಗೂಡುಗಳನ್ನು ಮಕ್ಕಳು ಗೇಣು ಹಾಕಿ ಅಳೆದರು. ಲುವಾಂಟಿಯ ಇಟ್ಟಿಗೆಯನ್ನು ಒಂದು ಮೀಟರ್ ಅಂತ ಹಿಡಿದರೆ ಮೆಟ್ಟಿಲು ಅದರಲ್ಲಿ ಕೂರುವುದಿಲ್ಲ. ‘ಒಂದು ಇಟ್ಟಿಗೆ ಅಂದರೆ ಒಂದು ಗೇಣು’ ಅಂತ ಅವರೇ ತೀರ್ಮಾನ ಮಾಡಿದರು. ಪ್ರಮಾಣ ಅಂದರೆ ಏನು ಅಂತ ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಮೊದಲು ಲಕ್ಕುಂಡಿ, ಆಮೇಲೆ ಲ್ಯಾಬು. ಉಲ್ಟಾ ಮಾಡಬೇಡಿ. ಬಳಪದ ಕಲ್ಲಿನ ನುಣುಪು ಯಾವ ಪರದೆಯಲ್ಲೂ ಸಿಗಲ್ಲ.

ನೀವು ಕೇಳಿಲ್ಲ, ಆದರೂ ಇನ್ನೊಂದು ವಿಷಯ ಹೇಳಲೇಬೇಕು. ಆ ಲೋಕವೇ ಮುಚ್ಚಿಹೋದರೆ?

2003ರಲ್ಲಿ ಉರು ಅಂತ ಒಂದು ಆಟ ಬಂತು. ಹೆಸರು ಕೇಳಿದರೆ ನಮ್ಮ ‘ಊರು’ ಅಂದ ಹಾಗೇ ಆಗುತ್ತದೆ. 2004ರ ಫೆಬ್ರವರಿಯಲ್ಲಿ ಅದರ ಆನ್‌ಲೈನ್ ಭಾಗ ಮುಚ್ಚಿತು. ಅಲ್ಲಿದ್ದವರು ಚದುರಿ ಹೋಗಲಿಲ್ಲ. ಗುಂಪು ಕಟ್ಟಿಕೊಂಡು ದೇರ್ ಎಂಬ ಇನ್ನೊಂದು ಲೋಕಕ್ಕೂ ಸೆಕೆಂಡ್ ಲೈಫಿಗೂ ಗುಳೆ ಹೋದರು. ತಮ್ಮನ್ನು ತಾವು ನಿರಾಶ್ರಿತರು ಅಂತ ಕರೆದುಕೊಂಡರು. ಹೊಸ ಜಾಗದಲ್ಲಿ ಹಳೆಯ ಲೋಕದ ಕಟ್ಟಡಗಳನ್ನು ನೆನಪಿನಿಂದ ಮತ್ತೆ ಕಟ್ಟಿದರು. ಆಗಲೇ ಹೇಳಿದ ಸೀಲಿಯಾ ಪಿಯರ್ಸ್ ಈ ಜನರ ಜೊತೆಗಿದ್ದು ಅಧ್ಯಯನ ಮಾಡಿದರು. ಬಾಗಲಕೋಟೆಯ ಮುಳುಗಡೆ ನೋಡಿದವರಿಗೆ, ನವನಗರಕ್ಕೆ ಬಂದು ಹಳೆಯ ಓಣಿಯ ಮಾತನ್ನೇ ಆಡುವವರನ್ನು ಕಂಡವರಿಗೆ ಇದು ಬೇರೆ ಲೋಕದ ಕಥೆ ಅನಿಸುವುದಿಲ್ಲ. ನೀರಿಗೆ ಹೋದ ಮನೆಯ ದುಃಖ ಮತ್ತು ಇದು ಒಂದೇ ತೂಕದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಜಾಗ ಹೋದಮೇಲೂ ಊರಿನವರು ಊರಿನವರಾಗಿಯೇ ಉಳಿಯುವುದು ಎರಡೂ ಕಡೆ ಕಾಣುತ್ತದೆ. ‘ನಿಜವಲ್ಲ’ ಅನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ.

2024ರ ಮೇ ತಿಂಗಳಲ್ಲಿ ಮೊಜಿಲ್ಲಾದವರು ಹಬ್ಸ್ ಎಂಬ ವರ್ಚುವಲ್ ಕೋಣೆಗಳ ಸೇವೆಯನ್ನು ನಿಲ್ಲಿಸಿದರು. ಎಷ್ಟೋ ಮಾಸ್ತರರು ಅದರಲ್ಲಿ ತರಗತಿ ನಡೆಸುತ್ತಿದ್ದರು. ನನಗೂ ಪೆಟ್ಟು ಬಿದ್ದಿದೆ. ಒಂದು ಶಾಲೆಯಲ್ಲಿ ಬೇಸಿಗೆ ರಜೆಯಲ್ಲಿ ಲ್ಯಾಬಿನ ಕಂಪ್ಯೂಟರುಗಳನ್ನು ಹೇಳದೆ ಕೇಳದೆ ಫಾರ್ಮ್ಯಾಟ್ ಮಾಡಿಸಿದರು. ಮಕ್ಕಳ ಒಂದು ವರ್ಷದ ಕೆಲಸ ಹೋಯಿತು. ಜೂನ್‌ನಲ್ಲಿ ಬಂದ ಮಕ್ಕಳ ಮುಖ ನೋಡೋಕೆ ಆಗಲಿಲ್ಲ.

ಅದಕ್ಕೇ ಹೇಳುತ್ತೇನೆ. ಲುವಾಂಟಿಯಲ್ಲಿ ನೀವು ಕಟ್ಟಿದ ಲೋಕ ಒಂದು ಫೋಲ್ಡರಿನಲ್ಲಿ ಇರುತ್ತದೆ. ಪ್ರತಿ ಶನಿವಾರ ಅದನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಹೆಸರಿನಲ್ಲಿ ತಾರೀಖು ಸೇರಿಸಿ. ಸಂಶೋಧನೆಗಾದರೆ ಆ ಲೋಕದೊಳಗಿನ ಚಾಟ್ ಮಾತುಕತೆಯ ಪ್ರತಿ, ಪರದೆಯ ಚಿತ್ರ, ಒಪ್ಪಿಗೆ ಪತ್ರ, ದಿನಚರಿ ಎಲ್ಲ ನಿಮ್ಮ ಹತ್ತಿರವೇ ಇರಲಿ. ದಿನಚರಿಯನ್ನು ಆವತ್ತಿಂದಾವತ್ತೇ ಕೈಯಲ್ಲಿ ಬರೆಯಿರಿ.

ಲಕ್ಕುಂಡಿಯ ಬಾವಿಯ ಫೋಲ್ಡರು ನನ್ನ ಹತ್ತಿರ ಭದ್ರವಾಗಿದೆ. ಬೇಕಾದರೆ ಒಂದು ಭಾನುವಾರ ಧಾರವಾಡಕ್ಕೆ ಬನ್ನಿ, ಪೆನ್‌ಡ್ರೈವ್ ಮರೀಬೇಡಿ. ಎಡಗಡೆಯ ಮೂರು ಗೂಡು ಕಟ್ಟುವುದು ಇನ್ನೂ ಬಾಕಿ ಇದೆ, ನಿಮ್ಮ ಮಕ್ಕಳು ಮುಂದುವರಿಸಬಹುದು.